ಬಾವಲಿಯನ್ನು ನೋಡಿದ ಕಣ್ಣು

ಚಂದದ್ದನ್ನು ನೋಡಲಿಕ್ಕೆ ಯಾರಿಗೂ ಕಲಿಸಬೇಕಾಗಿಲ್ಲ. ನವಿಲು ಕಂಡರೆ ಕಣ್ಣು ತಾನಾಗಿ ನಿಲ್ಲುತ್ತದೆ. ಆದರೆ ನಮಗೆ ಬೇಡವಾದದ್ದನ್ನು ನಾವು ಸರಿಯಾಗಿ ನೋಡುವುದೇ ಇಲ್ಲ. ನೋಡದೆಯೇ ತೀರ್ಪು ಹೇಳಿಬಿಡುತ್ತೇವೆ. ಬಾವಲಿಯ ಪಾಡೂ ಅದೇ. ಮನೆಯೊಳಗೆ ಹೊಕ್ಕರೆ ಅಪಶಕುನ, ಮರದಲ್ಲಿ ನೇತಾಡಿದರೆ ಭೂತದ ಲೆಕ್ಕ.

ಇದು ಬರೀ ನಮ್ಮ ಅಜ್ಜಿಯಂದಿರ ಮಾತು ಅಂತ ತಿಳಿಯಬೇಡಿ. ಹದಿನೆಂಟನೇ ಶತಮಾನದ ಫ್ರಾನ್ಸಿನ ದೊಡ್ಡ ಪ್ರಕೃತಿ ವಿಜ್ಞಾನಿ ಬುಫಾನ್ ಕೂಡ, ಬಾವಲಿ ಅರ್ಧ ಮೃಗ ಅರ್ಧ ಹಕ್ಕಿ, ಹಾಗಾಗಿ ವಿಕಾರ ಜೀವಿ ಎಂದು ಬರೆದ. ಅದೇ ಕಾಲದ ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಅದನ್ನು ಮನುಷ್ಯ, ಮಂಗಗಳ ಪಂಕ್ತಿಯಲ್ಲೇ ಕೂರಿಸಿದ. ಎದೆಯಲ್ಲಿ ಎರಡು ಮೊಲೆ ಇರುವುದನ್ನು ಅವನು ಗಮನಿಸಿದ್ದ. ಇಂದಿನ ವಿಜ್ಞಾನ ಆ ವಿಂಗಡಣೆಯನ್ನು ಒಪ್ಪುವುದಿಲ್ಲ. ಆದರೂ ಒಂದೇ ಪ್ರಾಣಿಯಲ್ಲಿ ಒಬ್ಬನಿಗೆ ವಿಕಾರ ಕಂಡಿತು, ಇನ್ನೊಬ್ಬನಿಗೆ ಹಾಲೂಡುವ ತಾಯಿ ಕಂಡಳು.

ಅದಾಗಿ ಇಪ್ಪತ್ತು ವರ್ಷದ ಸುಮಾರಿಗೆ ಕಲ್ಕತ್ತೆಯಲ್ಲಿ ಮೇರಿ ಇಂಪೆ ಎಂಬಾಕೆ ತನ್ನ ಬಂಗಲೆಯಲ್ಲಿ ಪ್ರಾಣಿ ಪಕ್ಷಿಗಳನ್ನು ಸಾಕಿ, ಅವುಗಳ ಚಿತ್ರ ಬರೆಸಿದಳು. ಬರೆದವರು ಪಾಟ್ನಾ ಕಡೆಯಿಂದ ಬಂದ ಶೇಖ್ ಜೈನುದ್ದೀನ್, ಭವಾನಿ ದಾಸ, ರಾಮ ದಾಸ. ಮೊಘಲ್ ಶೈಲಿಯಲ್ಲಿ ಪಳಗಿದ ಕೈಗಳು. ಮುನ್ನೂರಕ್ಕೂ ಹೆಚ್ಚು ಚಿತ್ರಗಳಾದವು. ಭವಾನಿ ದಾಸನದೋ ಅವನ ದಾರಿಯಲ್ಲಿ ನಡೆದವನದೋ ಎನ್ನಲಾಗುವ ಒಂದು ಬಾವಲಿಯ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಒಂದು ರೆಕ್ಕೆ ಬಿಚ್ಚಿದೆ, ಇನ್ನೊಂದು ಮಡಚಿದೆ. ಹಿಂದೆ ಮರವಿಲ್ಲ, ಕತ್ತಲಿಲ್ಲ, ಹೆದರಿಸುವ ಯಾವುದೂ ಇಲ್ಲ. ರಾಜರ ಚಿತ್ರಕ್ಕೆ ಬೇಕಾಗುವ ತಾಳ್ಮೆಯನ್ನೇ ಅದಕ್ಕೂ ಕೊಟ್ಟಿದ್ದಾರೆ.

ಹಾಗಾದರೆ ಚೆನ್ನಾಗಿ ನೋಡಿದವರು ಒಳ್ಳೆಯವರಾಗುತ್ತಾರೋ? ಇಲ್ಲಿ ಸ್ವಲ್ಪ ನಿಲ್ಲಬೇಕು. ಮೇರಿಯ ಗಂಡ ಎಲಿಜಾ ಇಂಪೆ ಕಲ್ಕತ್ತೆಯ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ. 1775ರಲ್ಲಿ ಖೋಟಾ ಪತ್ರದ ಆರೋಪದ ಮೇಲೆ ಮಹಾರಾಜ ನಂದಕುಮಾರನಿಗೆ ಇಂಗ್ಲಿಷ್ ಕಾನೂನಿನಂತೆ ಗಲ್ಲು ವಿಧಿಸಿದ್ದು ಅದೇ ಕೋರ್ಟು. ಅದು ಅನ್ಯಾಯವೆಂಬ ಕೂಗು ಇಂಗ್ಲೆಂಡಿನ ಪಾರ್ಲಿಮೆಂಟಿನವರೆಗೂ ಹೋಯಿತು. ಬಾವಲಿಯ ರೆಕ್ಕೆಯ ಒಂದೊಂದು ಎಲುಬನ್ನೂ ನೋಡಿಸಿದ ಮನೆ ಅದು! ಚಿತ್ರಕಾರರ ಮಟ್ಟಿಗೂ ಅಷ್ಟೇ. ಅವರ ಹೆಸರು ಹಾಳೆಗಳ ಮೇಲೆ ಪಾರಸಿಯಲ್ಲಿದ್ದರೂ ಸಂಗ್ರಹಕ್ಕೆ ಉಳಿದದ್ದು ಇಂಪೆಯ ಹೆಸರೇ.

ಅಂದರೆ ನೋಟವೇ ನ್ಯಾಯವಲ್ಲ. ಆದರೆ ನೋಟವಿಲ್ಲದೆ ನ್ಯಾಯವೂ ಇಲ್ಲ. ನಮ್ಮ ದೇಶದ 1972ರ ವನ್ಯಜೀವಿ ಕಾಯ್ದೆ ಹಣ್ಣು ತಿನ್ನುವ ಬಾವಲಿಗಳನ್ನು ಕಾಗೆ, ಇಲಿಗಳ ಜೊತೆ ಉಪದ್ರವದ ಪ್ರಾಣಿಗಳ ಪಟ್ಟಿಗೆ ಹಾಕಿತ್ತು. ಅವು ಬೀಜ ಬಿತ್ತುತ್ತವೆ, ಪರಾಗ ಹೊರುತ್ತವೆ ಎಂಬುದನ್ನು ಕಂಡವರು ಮತ್ತೆ ಮತ್ತೆ ಹೇಳಿದರು. ಆ ಪಟ್ಟಿ ಹೋದದ್ದು 2022ರ ತಿದ್ದುಪಡಿಯಲ್ಲಿ, ಐವತ್ತು ವರ್ಷದ ಮೇಲೆ.

2018ರಲ್ಲಿ ಕೋಝಿಕ್ಕೋಡಿಗೆ ನಿಪಾ ಬಂದ ಮೇಲೆ ನಮ್ಮ ಕಡೆಯವರಿಗೂ ಬಾವಲಿಯೆಂದರೆ ಅಳುಕು. ಆ ಹೆದರಿಕೆ ಸುಳ್ಳಲ್ಲ. ಆ ವೈರಸ್ ಇರುವುದು ಹಣ್ಣಿನ ಬಾವಲಿಗಳಲ್ಲೇ. ಸರಿಯಾಗಿ ನೋಡುವುದೆಂದರೆ ಅದನ್ನೂ ನೋಡುವುದು. ಕಚ್ಚಿದ ಹಣ್ಣು ತಿನ್ನಬೇಡಿ, ಮಕ್ಕಳಿಗೂ ಹೇಳಿ. ಆದರೆ ಅವು ಕೂರುವ ಮರವನ್ನು ಕಡಿಯುವ ಮೊದಲು ಒಂದು ಮಾತು. ಮರ ಹೋದರೆ ಬಾವಲಿ ಇನ್ನೊಂದು ಊರಿನ ಮರಕ್ಕೆ ಹೋಗುತ್ತದೆ, ರೋಗದ ಭಯವೂ ಅಲ್ಲಿಗೇ ಹೋಗುತ್ತದೆ.

ನಮಗೆ ಬೇಡವಾದವರು ಪ್ರಾಣಿಗಳಲ್ಲಿ ಮಾತ್ರ ಇದ್ದಾರೆಯೇ? ಒಬ್ಬನನ್ನು ದೂರ ಇಡುವ ಮೊದಲು ಅವನನ್ನು ಹಗಲು ಬೆಳಕಿನಲ್ಲಿ, ಪೂರ್ತಿಯಾಗಿ ಒಮ್ಮೆ ನೋಡಿದ್ದೇವೆಯೇ? ನೋಡಿದ ಮೇಲೆ ನಮ್ಮ ನಡತೆ ಬದಲಾಯಿತೇ? ಎರಡನೆಯ ಪ್ರಶ್ನೆಯೇ ಕಷ್ಟದ್ದು. ಇಂಪೆಯ ಮನೆ ಎಡವಿದ್ದು ಅಲ್ಲಿಯೇ.