ಕೂಸು ಕೈ ಚಾಚಿದಾಗ

ಹುಟ್ಟಿ ಮೂರು ದಿನವಾಗುವಷ್ಟರಲ್ಲಿ ಕೂಸು ನಮ್ಮ ಬೆರಳನ್ನು ಬಿಗಿಯಾಗಿ ಹಿಡಿಯುತ್ತದೆ. "ಅಪ್ಪನ ಗುರುತು ಹತ್ತಿತು ನೋಡಿ" ಎಂದು ನಾವು ಹಿಗ್ಗುತ್ತೇವೆ. ನಿಜವಾಗಿ ಅದು ಗುರುತೂ ಅಲ್ಲ, ಮಮತೆಯೂ ಅಲ್ಲ. ಅಂಗೈಗೆ ಏನು ತಗಲಿದರೂ ಬೆರಳುಗಳು ತಾವಾಗಿ ಮಡಚಿಕೊಳ್ಳುವ ಹುಟ್ಟುಗುಣ. ಕೆಲವು ತಿಂಗಳಲ್ಲಿ ಅದು ಸಡಿಲಾಗಿ, ಕಂಡ ವಸ್ತುವನ್ನು ಬಯಸಿ ಹಿಡಿಯುವ ಶಕ್ತಿ ನಾಲ್ಕೈದನೆಯ ತಿಂಗಳಿಗೆ ಬರುತ್ತದೆ. ನಮ್ಮ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಗಿಲಕಿಗಾಗಿ ಕೂಸು ಕೈ ಚಾಚಿ, ಎಟುಕದೆ ಮುಖ ಸಪ್ಪೆ ಮಾಡಿದರೆ, ಅದನ್ನೆತ್ತಿ ಕೈಗೆ ಕೊಡುವುದು ದಯೆಯೇ?

ಈ ವಿಷಯದಲ್ಲಿ ನಮ್ಮ ಗುಜರಾತಿಗೆ ಒಂದು ಹೆಮ್ಮೆಯುಂಟು. ವಡೋದರಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಪ್ರಮೀಳಾ ಫಾಟಕ್ ಅವರು, ಅಮೆರಿಕದ ಬೇಲಿ ಮಾಪಕವನ್ನು ಭಾರತದ ಕೂಸುಗಳಿಗೆ ಹೊಂದಿಸಿ 1970ರಲ್ಲಿ ಮಾನದಂಡ ಸಿದ್ಧಪಡಿಸಿದರು. 1997ರಲ್ಲಿ ಅದು ಪರಿಷ್ಕೃತವಾಯಿತು. ಮೈಯ ಚಲನೆಗೆ 67, ಬುದ್ಧಿಗೆ 163 ಅಂಶಗಳು ಅದರಲ್ಲಿವೆ. ಇದು ವೈದ್ಯರನ್ನು ಎಚ್ಚರಿಸುವ ಸಾಧನ. ನಾವೋ ಅದರಿಂದ ಪಕ್ಕದ ಫ್ಲ್ಯಾಟಿನ ಕೂಸಿನೊಡನೆ ಪಂದ್ಯ ಕಟ್ಟಿ, "ನಮ್ಮದು ಇನ್ನೂ ಹಿಡಿಯುವುದಿಲ್ಲವಲ್ಲ" ಎಂದು ನಿದ್ದೆಗೆಡುತ್ತೇವೆ!

ಹಾಗಾದರೆ ಸಹಾಯವೇ ಬೇಡವೇ? ಅಷ್ಟು ಸುಲಭವಾಗಿ ಹೇಳುವಂತಿಲ್ಲ. 2002ರಲ್ಲಿ ಅಮೆರಿಕದ ಏಮಿ ನೀಡಮ್ ಮತ್ತು ಸಂಗಡಿಗರು ಮೂರು ತಿಂಗಳ ಕೂಸುಗಳ ಕೈಗೆ ಅಂಟುವ ಚೀಲ ತೊಡಿಸಿದರು. ಕೈ ಬೀಸಿದರೆ ಸಾಕು, ಆಟಿಕೆ ಅಂಟಿಕೊಳ್ಳುತ್ತಿತ್ತು. ಆ ಕೂಸುಗಳಿಗೆ ವಸ್ತುಗಳ ಮೇಲೆ ಆಸಕ್ತಿ ಹೆಚ್ಚಿತು. 2010ರಲ್ಲಿ ಕ್ಲಾಸ್ ಲಿಬರ್ಟಸ್ ಅವರೊಡನೆ ಅವರು ನಡೆಸಿದ ಇನ್ನೊಂದು ಪರೀಕ್ಷೆ ನಮಗೆ ಇನ್ನೂ ಮುಖ್ಯ. ಒಂದು ಗುಂಪಿಗೆ ತಾನೇ ಕೈ ಬೀಸುವ ಅವಕಾಶ. ಇನ್ನೊಂದಕ್ಕೆ ತಂದೆತಾಯಿಯರೇ ಆಟಿಕೆಯನ್ನು ತಂದು ಕೈಗೆ ಮುಟ್ಟಿಸಿದರು. ಕೈ ಚಾಚುವುದು ಹೆಚ್ಚಿದ್ದು ಮೊದಲನೆಯ ಗುಂಪಿನಲ್ಲಿ.

ಅಂದರೆ ಗಿಲಕಿಯನ್ನು ನಾಲ್ಕು ಬೆರಳು ಹತ್ತಿರ ಸರಿಸುವುದು ಒಂದು, ಕೈಗೆ ತುರುಕುವುದು ಇನ್ನೊಂದು. ಹಸಿದು ಅಳುವ ಕೂಸಿಗೆ ಈ ಲೆಕ್ಕ ಸಲ್ಲದು. ಅಲ್ಲಿ ತಡಮಾಡುವುದು ಕ್ರೌರ್ಯ. ಆಟದ ಮಾತು ಬೇರೆ. ಆದರೂ ನಾವು ಕೈಗೆ ತುರುಕುವುದೇ ಹೆಚ್ಚು. ಊರಿನಲ್ಲಾದರೆ ಪಕ್ಕದಲ್ಲಿ ಕುಳಿತು ಕಾಯಲು ಅಜ್ಜಿಗೆ ಪುರುಸೊತ್ತಿತ್ತು. ಸೂರತ್ತಿನಲ್ಲಿ ಕುಕ್ಕರ್ ಕೂಗುತ್ತಿರುತ್ತದೆ, ಆಫೀಸಿಗೆ ಹೊತ್ತಾಗಿರುತ್ತದೆ. ಕೊಟ್ಟರೆ ಅಳು ನಿಲ್ಲುತ್ತದೆ. ದಯೆ ಎಂದು ನಾವು ಕರೆಯುವುದರಲ್ಲಿ ನಮ್ಮ ಅವಸರದ ಪಾಲೆಷ್ಟು?

ಎಡಗೈ ಚಾಚಿದರೆ ಹಿಂದಕ್ಕೆಳೆದು ಬಲಗೈಗೆ ಕೊಡುವ ನಮ್ಮ ಅಭ್ಯಾಸವೂ ಇದೇ ಜಾತಿಯದು. ಸಂಪ್ರದಾಯ ಕಲಿಸಲು ವರ್ಷಗಳಿವೆ. ಕೂಸಿಗೆ ಸಿಕ್ಕಿದ್ದು ಆ ಕ್ಷಣದ ಸೋಲು ಮಾತ್ರ.

ಒಂಬತ್ತು ಹತ್ತನೆಯ ತಿಂಗಳಿಗೆ ಹೆಬ್ಬೆರಳು ತೋರುಬೆರಳು ಸೇರಿ, ನೆಲಕ್ಕೆ ಬಿದ್ದ ಒಂದೇ ಒಂದು ಮಂಡಕ್ಕಿ ಕಾಳನ್ನು ಹೆಕ್ಕುತ್ತವೆ. ಬೇಕೆಂದೇ ಬಿಡುವುದನ್ನು ಕೈ ಕಲಿಯುವುದು ಹಿಡಿಯಲು ಕಲಿತ ಮೇಲೆಯೇ. ಆಮೇಲೆ ಚಮಚವನ್ನು ಬೀಳಿಸುವುದೇ ಆಟ. ನಾವು ಗದರುತ್ತೇವೆ, ಬಗ್ಗಿ ಎತ್ತಿಕೊಡುತ್ತೇವೆ. ಕೂಸು ನಮ್ಮ ಮುಖ ನೋಡುತ್ತ ಮತ್ತೆ ಬೀಳಿಸುತ್ತದೆ.