ಐದು ಎಂ.ಎಲ್. ಉಚ್ಚೆಗಾಗಿ ಎರಡು ದಿನ

ಹೋದ ತಿಂಗಳು ಎರಡು ದಿನ ನಾನು ವರ್ಕ್ ಫ್ರಮ್ ಹೋಮ್ ತಗೊಂಡೆ. ಮ್ಯಾನೇಜರ್‌ಗೆ 'ಪರ್ಸನಲ್ ಕೆಲಸ' ಅಂತ ಹೇಳಿದ್ದೆ. ಆ ಕೆಲಸ ಏನಪ್ಪಾ ಅಂದ್ರೆ, ನಮ್ಮ ಬೆಕ್ಕಿನ ಉಚ್ಚೆ ಹಿಡಿಯೋದು.

ಬೋಂಡನಿಗೆ ಈಗ ಒಂಬತ್ತು ವರ್ಷ. ಬಣ್ಣ, ಆಕಾರ ಎರಡೂ ಹೆಸರಿಗೆ ತಕ್ಕಂತೆ. ಕೆಲವು ವಾರಗಳಿಂದ ನೀರು ಜಾಸ್ತಿ ಕುಡೀತಿದ್ದ. ಲಿಟರ್ ಬಾಕ್ಸ್ ಕ್ಲೀನ್ ಮಾಡುವಾಗ ಸಿಗುವ ಮರಳಿನ ಉಂಡೆಗಳು ದಪ್ಪ ಆಗುತ್ತಿದ್ದವು. ಡಾಕ್ಟ್ರಿಗೆ ಹೇಳಿದರೆ, "ಕಿಡ್ನಿ ಇರಬಹುದು, ಶುಗರ್ ಇರಬಹುದು. ಯೂರಿನ್ ನೋಡ್ಬೇಕು. ಮನೇಲೇ ಹಿಡಿಯೋಕೆ ಟ್ರೈ ಮಾಡಿ, ಆಗ್ಲಿಲ್ಲಾಂದ್ರೆ ಇಲ್ಲಿ ಹೊಟ್ಟೆಗೆ ಸೂಜಿ ಹಾಕಿ ತೆಗೀತೀವಿ" ಅಂದರು. ಸೂಜಿ ಅಂದರೆ ನೇರವಾಗಿ ಮೂತ್ರಕೋಶಕ್ಕೆ. ಕೇಳೋಕೆ ಭಯ ಆದರೂ ಪಳಗಿದ ಕೈಯಲ್ಲಿ ಅದು ಕೆಲವೇ ಸೆಕೆಂಡಿನ ಕೆಲಸ. ಸೋಂಕು ಇದೆಯಾ ಅಂತ ಕಲ್ಚರ್ ಮಾಡಿಸೋದಾದರೆ ಅದೇ ಒಳ್ಳೆಯ ದಾರಿ ಕೂಡ. ನಮಗೆ ಸದ್ಯಕ್ಕೆ ಅಷ್ಟು ಬೇಕಿರಲಿಲ್ಲ.

ಅಮ್ಮನಿಗೆ ಫೋನಲ್ಲಿ ಹೇಳಿದೆ. "ಅಲ್ಲ ಕಣೇ, ಬೆಕ್ಕಿಗೂ ಯೂರಿನ್ ಟೆಸ್ಟಾ?" ಅಂತ ನಕ್ಕಳು. ಅಜ್ಜಿ ಮನೇಲೂ ಬೆಕ್ಕುಗಳಿದ್ದವು. ಅವು ಹಿತ್ತಿಲಿಗೆ ಹೋಗಿ, ಮಣ್ಣು ಕೆದರಿ, ಮುಚ್ಚಿ ಬರುತ್ತಿದ್ದವು. ಅಲ್ಲಿ ಏನು ಬಿಟ್ಟು ಬಂದವು ಅಂತ ಯಾರೂ ನೋಡುತ್ತಿರಲಿಲ್ಲ. ಒಂದು ದಿನ ಬೆಕ್ಕು ಕಾಣುತ್ತಿರಲಿಲ್ಲ. ಎರಡು ದಿನ ಬಿಟ್ಟು ಅಟ್ಟದ ಮೇಲಿಂದಲೋ ಸೌದೆ ಕೊಟ್ಟಿಗೆಯಿಂದಲೋ ವಾಸನೆ ಬರುತ್ತಿತ್ತು. ಬೆಕ್ಕು ಕಾಯಿಲೆಯನ್ನು ಬಚ್ಚಿಡುವ ಪ್ರಾಣಿ. ಅಜ್ಜಿಯ ಕಾಲದಲ್ಲಿ ಅದಕ್ಕೆ ಬಚ್ಚಿಡೋಕೆ ಜಾಗ ಇತ್ತು. ನಮ್ಮ 2 ಬಿಎಚ್‌ಕೆಯಲ್ಲಿ ಅವನಿಗೆ ಬಾತ್‌ರೂಮಿನ ಮೂಲೆ ಬಿಟ್ಟರೆ ಬೇರೆ ಗುಟ್ಟಿನ ಜಾಗ ಇಲ್ಲ. ಆ ಮೂಲೆಗೇ ನಾನು ಸಿರಿಂಜ್ ಹಿಡಕೊಂಡು ಹೊರಟಿದ್ದೆ.

ಮೊದಲ ದಿನ ಸೌಟಿನ ಪ್ರಯೋಗ. ಅವನು ಕೂತ ತಕ್ಷಣ ಹಿಂದಿನಿಂದ ಮೆಲ್ಲಗೆ ಸೌಟು ತೂರಿಸಬೇಕು. ಕೆಲವು ಬೆಕ್ಕುಗಳು ಕ್ಯಾರೇ ಅನ್ನೋದಿಲ್ಲವಂತೆ. ಬೋಂಡ ಅರ್ಧಕ್ಕೇ ನಿಲ್ಲಿಸಿ, ತಿರುಗಿ, ನನ್ನ ಮುಖ ನೋಡಿದ. ಆಮೇಲೆ ಸೋಫಾ ಕೆಳಗೆ ಹೋಗಿ ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ.

ಆ ನೋಟ ಮರೆಯೋಕಾಗಲಿಲ್ಲ. ಫ್ರೆಂಚ್ ತತ್ತ್ವಜ್ಞಾನಿ ಜಾಕ್ ಡೆರಿಡಾ 1997ರ ತನ್ನ ಉಪನ್ಯಾಸದಲ್ಲಿ ಹೇಳಿಕೊಂಡ ಸಂಗತಿಯೊಂದಿದೆ. ಬೆತ್ತಲೆ ನಿಂತ ತನ್ನನ್ನು ಮನೆಯ ಬೆಕ್ಕು ನೋಡುತ್ತಿದ್ದರೆ ಅವನಿಗೆ ನಾಚಿಕೆಯಾಗುತ್ತಿತ್ತಂತೆ. ಬರೀ ಬೆಕ್ಕು ತಾನೇ, ಯಾಕೆ ನಾಚಿಕೆ ಅಂತ ಕೇಳಿಕೊಂಡು, ಪ್ರಾಣಿ ಅಂದರೆ ಏನು, ಮನುಷ್ಯ ಅಂದರೆ ಏನು ಅನ್ನುವಲ್ಲಿಯವರೆಗೆ ಹೋದ. ನನ್ನ ಕೇಸು ಉಲ್ಟಾ. ಬೆಕ್ಕು ತನ್ನ ಬಚ್ಚಲಲ್ಲಿತ್ತು, ನೋಡುತ್ತಿದ್ದವಳು ನಾನು. ನಾಚಿಕೆ ಮಾತ್ರ ನನಗೇ ಆಯಿತು.

ಅವತ್ತು ರಾತ್ರಿ ಇನ್ನೊಂದು ಉಪಾಯ. ಬೆಕ್ಕಿನ ಮಾಮೂಲಿ ಮರಳು ದ್ರವವನ್ನು ಹೀರಿಕೊಳ್ಳುತ್ತೆ, ಹಾಗಾಗಿ ಸ್ಯಾಂಪಲ್ ಸಿಗೋದಿಲ್ಲ. ನೀರು ಹೀರದ ಪ್ಲಾಸ್ಟಿಕ್ ಮಣಿಗಳು ಅಂತಲೇ ಸಿಗುತ್ತವೆ. ನಾನು ಅಕ್ವೇರಿಯಂ ಅಂಗಡಿಯಿಂದ ಸಣ್ಣ ಕಲ್ಲು ತಂದು, ಬಿಸಿನೀರಲ್ಲಿ ತೊಳೆದು, ಒಣಗಿಸಿ, ಖಾಲಿ ಟ್ರೇಗೆ ಸುರಿದೆ. ಬೋಂಡನನ್ನೂ ಟ್ರೇಯನ್ನೂ ಬಾತ್‌ರೂಮಿನಲ್ಲಿಟ್ಟು ಬಾಗಿಲು ಹಾಕಿದೆ. ಎಷ್ಟು ಹೊತ್ತು ತಡಕೊಳ್ಳುತ್ತಾನೆ ನೋಡೇಬಿಡೋಣ ಅಂತ. ಅವನು ರಾತ್ರಿ ಎರಡು ಗಂಟೆವರೆಗೆ ಕೂಗಿದ. ಒಂದು ಹನಿಯೂ ಬಿಡಲಿಲ್ಲ. ಸೋತವಳು ನಾನು, ಬಾಗಿಲು ತೆಗೆದೆ.

ಬೆಳಿಗ್ಗೆ ಫೋನ್ ಮಾಡಿದಾಗ ಡಾಕ್ಟ್ರು ಹೇಳಿದ ಮಾತು ನನ್ನನ್ನು ಕೂರಿಸಿಬಿಟ್ಟಿತು. ಬೆಕ್ಕಿಗೆ ಗಾಬರಿಯಾದರೆ ರಕ್ತದಲ್ಲಿ ಸಕ್ಕರೆ ಏರುತ್ತೆ. ಕೆಲವೊಮ್ಮೆ ಅದು ಮೂತ್ರದಲ್ಲೂ ಕಾಣಿಸಿಕೊಂಡು, ಇಲ್ಲದ ಡಯಾಬಿಟಿಸ್ ಇದೆ ಅನ್ನಿಸುತ್ತೆ. ಬೆಕ್ಕಿಗೆ ಬರುವ ಮೂತ್ರಕೋಶದ ಉರಿಯೂತಕ್ಕೆ ಎಷ್ಟೋ ಸಲ ಸೋಂಕು ಕಾರಣ ಅಲ್ಲವೇ ಅಲ್ಲ, ಒತ್ತಡವೇ ದೊಡ್ಡ ಪಾಲುದಾರ. ಹಿಡಿದಿಟ್ಟ ಸ್ಯಾಂಪಲ್ ಫ್ರಿಜ್ಜಲ್ಲಿ ತುಂಬಾ ಹೊತ್ತು ಇದ್ದರೂ ಕಷ್ಟ. ಬೆಕ್ಕಿನ ಹೊಟ್ಟೆಯೊಳಗೆ ಇರದ ಹರಳುಗಳು ಡಬ್ಬಿಯೊಳಗೆ ಹುಟ್ಟಿಕೊಳ್ಳುತ್ತವೆ.

ಅಂದರೆ ನಾನು ಬಲವಂತ ಮಾಡಿದಷ್ಟೂ ನನಗೆ ಸಿಗುವ ಉತ್ತರ ಸುಳ್ಳಾಗುವ ಸಾಧ್ಯತೆ ಹೆಚ್ಚು. ಅವನ ದೇಹ ಏನು ಹೇಳುತ್ತಿದೆ ಅಂತ ಕೇಳೋಕೆ ಹೋಗಿ, ನಾನೇ ಅದರ ಬಾಯಲ್ಲಿ ಮಾತು ತುರುಕುತ್ತಿದ್ದೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಗಂಡು ಬೆಕ್ಕು ಪದೇ ಪದೇ ಲಿಟರ್ ಬಾಕ್ಸಿಗೆ ಹೋಗಿ ತಿಣುಕುತ್ತಿದೆ, ಏನೂ ಬರುತ್ತಿಲ್ಲ ಅಂದರೆ ಈ ಕಾಯುವ ತತ್ತ್ವಶಾಸ್ತ್ರ ಎಲ್ಲ ಪಕ್ಕಕ್ಕಿಡಿ. ಮೂತ್ರನಾಳ ಕಟ್ಟಿಕೊಂಡಿರಬಹುದು. ಒಂದೆರಡು ದಿನದಲ್ಲಿ ಜೀವ ಹೋಗುತ್ತೆ. ಆಗ ಅವನು ಪರಚಲಿ, ಕಚ್ಚಲಿ, ಟವೆಲ್‌ನಲ್ಲಿ ಸುತ್ತಿ ಆಸ್ಪತ್ರೆಗೆ ಓಡಬೇಕು. ಬಲವಂತ ಯಾವತ್ತೂ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದು ಬೇಕೇ ಬೇಕಾದ ದಿನಕ್ಕೆ ಉಳಿಸಿಟ್ಟುಕೊಳ್ಳಬೇಕಾದ ಸಂಗತಿ ಅನ್ನುತ್ತಿದ್ದೇನೆ.

ಉಳಿದ ದಿನಗಳಲ್ಲಿ? ಬೆಕ್ಕಿನ ಒಪ್ಪಿಗೆ ಪಡೆಯೋಕೆ ಸಾಧ್ಯವಿಲ್ಲ. 'ನೋಡಪ್ಪ, ನಿನ್ನ ಒಳ್ಳೇದಕ್ಕೇ' ಅಂತ ಹೇಳಿದರೆ ಅವನಿಗೆ ಅರ್ಥ ಆಗೋದಿಲ್ಲ. ಆದರೆ ಅವನು ಬೇಡ ಅಂದಾಗ ನನಗೆ ಅರ್ಥ ಆಗುತ್ತೆ. ನಮ್ಮ ವೈದ್ಯಕೀಯ ಸಂಶೋಧನೆಯ ನಿಯಮಗಳಲ್ಲೂ ಇದಕ್ಕೆ ಹತ್ತಿರದ ಮಾತೊಂದಿದೆ. ಮಕ್ಕಳ ಮೇಲೆ ಅಧ್ಯಯನ ಮಾಡುವಾಗ ಅಪ್ಪ-ಅಮ್ಮನ ಸಹಿಯೊಂದೇ ಸಾಲದು, 7 ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು ಅನ್ನುತ್ತೆ ಐಸಿಎಂಆರ್ ಮಾರ್ಗಸೂಚಿ. ಸಹಿ ಹಾಕುವ ಹಕ್ಕಿಲ್ಲದವರಿಗೂ ತಲೆ ಆಡಿಸುವ ಹಕ್ಕಿದೆ ಅಂತಾಯಿತು. ಬೋಂಡನಿಗೆ ಆ ನಿಯಮ ಅನ್ವಯಿಸೋದಿಲ್ಲ, ಸರಿ. ಆದರೆ ಅರ್ಧಕ್ಕೇ ನಿಲ್ಲಿಸಿ ತಿರುಗಿ ನೋಡಿದ್ದು ತಲೆ ಆಡಿಸಿದ್ದಕ್ಕಿಂತ ಕಡಿಮೆಯೇನಲ್ಲ.

ಎರಡನೇ ದಿನ ಟ್ರೇಯನ್ನು ಅದರ ಹಳೇ ಜಾಗದಲ್ಲೇ ಇಟ್ಟೆ. ಬಾಗಿಲು ತೆರೆದೇ ಇತ್ತು. ಲ್ಯಾಪ್‌ಟಾಪ್ ತಂದು ಪ್ಯಾಸೇಜಲ್ಲಿ ನೆಲದ ಮೇಲೆ ಕೂತೆ. ಅವನು ಬಂದ, ಮೂಸಿದ, ಹೋದ. ಮತ್ತೆ ಬಂದ, ಹೋದ. ನಾನು ಎರಡು ಮೀಟಿಂಗ್ ಮುಗಿಸಿದೆ. ಮಧ್ಯಾಹ್ನ ಮೂರರ ಹೊತ್ತಿಗೆ ಗರಗರ ಅಂತ ಕಲ್ಲು ಕೆದರುವ ಸದ್ದು. ನಾನು ಗೋಡೆ ಕಡೆ ಮುಖ ಮಾಡಿ ಕೂತೆ. ಅವನು ಮುಗಿಸಿ, ಕಲ್ಲಿನಲ್ಲೇ ಮುಚ್ಚುವ ಶಾಸ್ತ್ರ ಮಾಡಿ, ಬಾಲ ಎತ್ತಿಕೊಂಡು ನನ್ನನ್ನು ಸವರಿಕೊಂಡೇ ಆಚೆ ಹೋದ. ಟ್ರೇ ಓರೆ ಮಾಡಿದರೆ ಮೂಲೆಯಲ್ಲಿ ತಿಳಿ ಹಳದಿ ನೀರು. ಸಿರಿಂಜಿನಲ್ಲಿ ಎಳೆದೆ, ಐದು ಎಂ.ಎಲ್. ಆಫರ್ ಲೆಟರ್ ಬಂದ ದಿನವೂ ಅಷ್ಟು ಖುಷಿಯಾಗಿರಲಿಲ್ಲ.

ಸಂಜೆ ಅಮ್ಮನಿಗೆ ಇದನ್ನೆಲ್ಲ ಹೆಮ್ಮೆಯಿಂದ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಬೆಕ್ಕಿಗೆ ಎರಡು ದಿನ ಕಾದೆ. ಅವತ್ತು ನಿಮ್ಮಪ್ಪನಿಗೆ?" ಅಂದಳು. ಅಷ್ಟೇ.

ಅದು ಹೋದ ವರ್ಷದ ಮಾತು. ಅಪ್ಪ ಮೈಸೂರಿನಲ್ಲಿ. ಶುಗರ್ ಟೆಸ್ಟ್ ಮಾಡಿಸಿಕೊಳ್ಳಿ ಅಂತ ಫೋನಲ್ಲಿ ಎಷ್ಟೋ ಸಲ ಹೇಳಿದ್ದೆ. ನಿಜ ಹೇಳಬೇಕೆಂದರೆ, ಒಂದು ಮೀಟಿಂಗಿನಿಂದ ಇನ್ನೊಂದಕ್ಕೆ ಹೋಗುವ ಮಧ್ಯೆ ಹೇಳಿದ್ದೆ. ಅವರು "ನೋಡೋಣ" ಅನ್ನುತ್ತಿದ್ದರು. ವೀಕೆಂಡಿಗೆ ಹೋದಾಗ, "ಅಪ್ಪಾ, ಬ್ಯಾಂಕಲ್ಲಿ ಕೆವೈಸಿ ಅಪ್‌ಡೇಟ್ ಮಾಡಿಸ್ಬೇಕಂತೆ, ಬನ್ನಿ" ಅಂತ ಕಾರು ಹತ್ತಿಸಿ ಸೀದಾ ಲ್ಯಾಬಿಗೆ ಕರಕೊಂಡು ಹೋದೆ. ಅಪ್ಪ ಜಗಳ ಆಡಲಿಲ್ಲ. ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬಂದಿದ್ದರು. ಪಾಸ್‌ಬುಕ್, ಆಧಾರ್ ಜೆರಾಕ್ಸ್ ಇಟ್ಟ ಪ್ಲಾಸ್ಟಿಕ್ ಕವರನ್ನು ತೊಡೆ ಮೇಲಿಟ್ಟುಕೊಂಡೇ ತೋಳು ಚಾಚಿ ರಕ್ತ ಕೊಟ್ಟರು. ಸಣ್ಣ ಡಬ್ಬಿ ಕೈಗೆ ಕೊಟ್ಟಾಗ, ಅದನ್ನು ತಗೊಂಡು ಲ್ಯಾಬಿನ ಟಾಯ್ಲೆಟ್‌ಗೆ ಹೋಗಿ ಬಂದರು. ವಾಪಸ್ ಬರುವಾಗ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮಾತ್ರ, "ಬ್ಯಾಂಕ್ ಅಂತ ಯಾಕಮ್ಮ ಹೇಳ್ದೆ?" ಅಂದರು.

'ನಿಮ್ಮ ಒಳ್ಳೇದಕ್ಕೇ' ಅಂದಿದ್ದೆ. ರಿಪೋರ್ಟಲ್ಲಿ ಶುಗರ್ ಇತ್ತು, ಮಾತ್ರೆ ಶುರುವಾಯಿತು. ಹಾಗಾಗಿ ನಾನೇ ಸರಿ ಅಂತ ಆ ಕೇಸು ಕ್ಲೋಸ್ ಮಾಡಿದ್ದೆ.

ಈಗ ಅನ್ನಿಸುತ್ತೆ, ಬೋಂಡನ ಟ್ರೇಗೆ ಮರಳಿನ ಬದಲು ಕಲ್ಲು ಹಾಕಿದ್ದು ಮೋಸ ಅಂತ ನೋಡಿದರೆ ತುಂಬಾ ಚಿಕ್ಕ ಮೋಸ. ಅವನಿಗೆ ಕಾರಣ ಹೇಳುವ ದಾರಿಯೇ ಇರಲಿಲ್ಲ, ಹಾಗಾಗಿ ಕಾರಣ ಕೇಳುವ ಅವನ ಹಕ್ಕನ್ನು ನಾನು ಕಿತ್ತುಕೊಳ್ಳಲಿಲ್ಲ. ಅಪ್ಪನಿಗೆ ಆ ದಾರಿ ಇತ್ತು. ಅವರು ಕೇಳಬಹುದಿತ್ತು, ವಾದ ಮಾಡಬಹುದಿತ್ತು, ನನಗೆ ಭಯ ಆಗುತ್ತೆ ಅಂತಲೂ ಹೇಳಬಹುದಿತ್ತು. ಅದಕ್ಕೆ ಬೇಕಿದ್ದ ಅರ್ಧ ಗಂಟೆಯನ್ನು ಉಳಿಸೋಕೆ ನಾನು ಸುಳ್ಳು ಹೇಳಿದೆ. ಮಾತು ಬಾರದವನ ಎದುರು ಎರಡು ದಿನ ಕಾದೆ, ಮಾತು ಬರುವವರಿಗೆ ಮಾತಾಡುವ ಅವಕಾಶ ಕೊಡಲಿಲ್ಲ. ಒಳ್ಳೇ ರಿಪೋರ್ಟ್ ಸಿಕ್ಕಿತು ಅನ್ನೋದು ಇದಕ್ಕೆ ಉತ್ತರ ಅಲ್ಲ.

ಬೋಂಡನ ಮೂತ್ರದ ಸಾಂದ್ರತೆ 1.018 ಬಂತು. ಬೆಕ್ಕಿಗೆ ಸಾಮಾನ್ಯವಾಗಿ 1.035ಕ್ಕಿಂತ ಮೇಲಿರಬೇಕು. ಅಂದರೆ ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಅವನ ಕಿಡ್ನಿಗೆ ಕಡಿಮೆಯಾಗಿದೆ. ಸಕ್ಕರೆ ಇರಲಿಲ್ಲ. ರಕ್ತ ಪರೀಕ್ಷೆ ಆಯಿತು, ಊಟ ಬದಲಾಯಿತು, ಮೂರು ತಿಂಗಳಿಗೆ ಮತ್ತೆ ಸ್ಯಾಂಪಲ್ ಬೇಕಂತೆ. ಕಲ್ಲುಗಳನ್ನು ತೊಳೆದು ಡಬ್ಬಿಗೆ ಹಾಕಿಟ್ಟಿದ್ದೇನೆ.

ಅಪ್ಪನಿಗೂ ಮುಂದಿನ ತಿಂಗಳು ಟೆಸ್ಟ್ ಇದೆ. ಮೊನ್ನೆ ಫೋನ್ ಮಾಡಿ, "ಅಪ್ಪಾ, ಶುಗರ್ ಟೆಸ್ಟಿಗೆ ಹೋಗೋಣ. ಯಾವತ್ತು ಹೋಗೋಣ ನೀವೇ ಹೇಳಿ" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಬ್ಯಾಂಕಿಗೆ ತಾನೇ?" ಅಂದರು. ನಕ್ಕರೋ ಇಲ್ಲವೋ ಫೋನಲ್ಲಿ ಗೊತ್ತಾಗಲಿಲ್ಲ.