ಮೇಲೆ ಥಳುಕು, ಒಳಗೆ?

ಹದಿನೈದು ವರ್ಷ ದುಡಿದ ಕಾರೊಂದು ನಿಮ್ಮ ಮನೆಯ ಮುಂದೆ ನಿಂತಿದೆ ಎನ್ನೋಣ. ಎಂಜಿನ್ ಇನ್ನೂ ಗಟ್ಟಿಯಾಗಿದೆ. ಆದರೆ ಹಲಸೂರಿನ ಹಳೆಯ ಬೀದಿಗಳಲ್ಲಿ ಕಾರಿಗೊಂದು ಸೂರು ಇರುವ ಮನೆಗಳು ಎಷ್ಟು? ಬಿಸಿಲು, ಮಳೆ, ಹಕ್ಕಿಯ ಹಿಕ್ಕೆ, ಪಕ್ಕದಲ್ಲಿ ನುಸುಳಿ ಹೋಗುವ ಆಟೋದ ಗೀರು, ಇವೆಲ್ಲವನ್ನೂ ಅದು ರಸ್ತೆಯಲ್ಲೇ ನಿಂತು ಸಹಿಸಿದೆ. ಬಾನೆಟ್ಟಿನ ಬಣ್ಣ ಮಾಸಿದೆ. ಬಾಗಿಲ ಕೆಳಗಿನ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಎದ್ದಿವೆ. ಮನೆಯಲ್ಲಿ ಮದುವೆಯೋ ಮಗುವಿನ ಪ್ರಥಮ ಪರಮಪ್ರಸಾದವೋ ಹತ್ತಿರ ಬಂದಿದೆ. ಹೊಸದಾಗಿ ಪೇಂಟ್ ಮಾಡಿಸೋಣವೇ, ಇಲ್ಲ ವಿನೈಲ್ ಫಿಲ್ಮ್ ಹೊದಿಸುವ ರ್ಯಾಪಿಂಗ್ ಮಾಡಿಸೋಣವೇ ಎಂಬ ಮಾತು ರಾತ್ರಿ ಊಟದ ಹೊತ್ತಿಗೆ ಏಳುತ್ತದೆ.

ಇದು ಹಣದ ಪ್ರಶ್ನೆ, ಹೆಚ್ಚೆಂದರೆ ಅಭಿರುಚಿಯ ಪ್ರಶ್ನೆ. ವಿಶ್ವಾಸದ ಪುಟದಲ್ಲಿ ಇದಕ್ಕೇನು ಕೆಲಸ ಎಂದು ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಓದಿ. ಇದರೊಳಗೆ ಆತ್ಮಸಾಕ್ಷಿಯ ಒಂದು ಹಳೆಯ ಪ್ರಶ್ನೆ ಅಡಗಿದೆ: ಮುಚ್ಚುವುದು ಯಾವಾಗ ಸರಿ, ಯಾವಾಗ ತಪ್ಪು?

ಮೊದಲು ಕೆಲಸದ ವಿಚಾರ ತಿಳಿಯೋಣ. ಒಳ್ಳೆಯ ಪೇಂಟರ್ ಬಣ್ಣದ ಡಬ್ಬ ತೆರೆಯುವ ಮೊದಲು ಕಾರನ್ನು ಇನ್ನೂ ಕುರೂಪಗೊಳಿಸುತ್ತಾನೆ. ಗುಳ್ಳೆ ಎದ್ದ ಜಾಗವನ್ನು ಲೋಹ ಕಾಣುವ ತನಕ ಉಜ್ಜುತ್ತಾನೆ. ತುಕ್ಕು ತಿಂದು ತೂತಾದ ತಗಡನ್ನು ಟಿಂಕರ್ ಕತ್ತರಿಸಿ ಹೊಸ ತುಂಡು ಬೆಸೆಯುತ್ತಾನೆ. ಆಮೇಲೆ ಪುಟ್ಟಿ, ಉಪ್ಪುಕಾಗದ, ಪ್ರೈಮರ್. ಕೊನೆಗೆ ಬಣ್ಣ, ಅದರ ಮೇಲೆ ಹೊಳಪಿನ ಪದರ. ಕಾರು ದಿನಗಟ್ಟಲೆ ಗ್ಯಾರೇಜಿನಲ್ಲಿ ಇರಬೇಕಾಗುತ್ತದೆ. ಮಾಡಿದ ಮೇಲೆ ಹಿಂದಕ್ಕೆ ಹೋಗುವಂತಿಲ್ಲ. ಹಳೆಯ ಬಣ್ಣ ಹೋಯಿತೆಂದರೆ ಹೋಯಿತು.

ವಿನೈಲ್ ಹೊದಿಕೆಯದು ಬೇರೆ ರೀತಿ. ಅದು ಹಿಂಬದಿಯಲ್ಲಿ ಅಂಟು ಇರುವ ತೆಳುವಾದ ಪ್ಲಾಸ್ಟಿಕ್ ಹಾಳೆ. ಬಿಸಿಗಾಳಿಯಿಂದ ಮೆತ್ತಗೆ ಮಾಡಿ ಬಾಗಿಲು, ಬಾನೆಟ್ಟುಗಳ ಮೇಲೆ ಎಳೆದು ಕೂರಿಸುತ್ತಾರೆ. ಕೆಲಸ ಬೇಗ ಮುಗಿಯುತ್ತದೆ. ಬೇಡವಾದರೆ ಕೆಲವು ವರ್ಷದ ಮೇಲೆ ತೆಗೆಯಬಹುದು. ಕೆಳಗಿನ ಬಣ್ಣ ಗಟ್ಟಿಯಾಗಿದ್ದರೆ ಅದನ್ನು ಬಿಸಿಲಿನಿಂದಲೂ ಸಣ್ಣ ಗೀರುಗಳಿಂದಲೂ ಕಾಪಾಡುತ್ತದೆ. ಆದರೆ ಒಂದು ಮಾತನ್ನು ನೆನಪಿಡಬೇಕು. ಫಿಲ್ಮ್ ಅಂಟುವುದು ಬಣ್ಣಕ್ಕೆ. ಬಣ್ಣವೇ ಲೋಹವನ್ನು ಬಿಟ್ಟಿದ್ದರೆ ಫಿಲ್ಮ್ ಏನನ್ನು ಹಿಡಿದುಕೊಂಡೀತು? ಗುಳ್ಳೆಯ ಮೇಲೆ ಹೊದಿಸಿದರೆ ಗುಳ್ಳೆ ಹಾಗೆಯೇ ಉಬ್ಬಿ ಕಾಣುತ್ತದೆ. ಅಂಚಿನಿಂದ ಒಳಗೆ ಸೇರಿದ ತೇವ ಹೊರಗೆ ಬಾರದೆ ನಿಲ್ಲುತ್ತದೆ, ತುಕ್ಕು ಕತ್ತಲಲ್ಲಿ ತನ್ನ ಕೆಲಸ ಮುಂದುವರಿಸುತ್ತದೆ.

ಹಾಗೆಂದು ಪೇಂಟ್ ಪುಣ್ಯ, ಫಿಲ್ಮ್ ಪಾಪ ಎಂದು ತೀರ್ಮಾನಿಸಬೇಡಿ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವವರೂ ಇದ್ದಾರೆ. ಅದೂ ಹೊದಿಕೆಯೇ, ಫಿಲ್ಮಿಗಿಂತ ಜಾಣ ಹೊದಿಕೆ. ಆದ್ದರಿಂದ ಮೇಲೆ ಏನು ಹಾಕಿದಿರಿ ಎಂಬುದಕ್ಕಿಂತ, ಹಾಕುವ ಮೊದಲು ಕೆಳಗೆ ಏನು ಮಾಡಿದಿರಿ ಎಂಬುದೇ ಮುಖ್ಯ.

ಸರ್ಕಾರದ ಕಾನೂನೂ ಇಲ್ಲಿ ಒಂದು ಪ್ರಾಮಾಣಿಕತೆಯನ್ನು ಕೇಳುತ್ತದೆ. ಆರ್.ಸಿ.ಯಲ್ಲಿ ಕಾರಿನ ಬಣ್ಣವೂ ನಮೂದಾಗಿರುತ್ತದೆ. ದಾಖಲೆಯಲ್ಲಿರುವ ವಿವರಕ್ಕೂ ವಾಹನಕ್ಕೂ ವ್ಯತ್ಯಾಸ ಬರಬಾರದು ಎಂಬುದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಆಶಯ. ಬಿಳಿಯ ಕಾರನ್ನು ಕೆಂಪಾಗಿಸುವವರು, ಪೇಂಟ್ ಆದರೂ ಫಿಲ್ಮ್ ಆದರೂ, ಆರ್.ಟಿ.ಓ. ಕಚೇರಿಗೆ ಹೋಗಿ ಅನುಮತಿ ಪಡೆದು ದಾಖಲೆ ತಿದ್ದಿಸಿಕೊಳ್ಳಬೇಕು. ಅದೇ ಬಣ್ಣ ಉಳಿಸಿಕೊಂಡರೆ ಈ ಓಡಾಟವಿಲ್ಲ. ಹದಿನೈದು ವರ್ಷ ದಾಟಿದ ಸ್ವಂತ ಕಾರನ್ನು ಹೇಗೂ ಪರೀಕ್ಷೆಗೆ ಒಡ್ಡಿ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು.

ನಿಜವಾದ ಪರೀಕ್ಷೆ ಬರುವುದು ಕಾರನ್ನು ಮಾರುವಾಗ. "ಒಂದು ಫಿಲ್ಮ್ ಎಳೆದುಬಿಡಿ, ಒಳ್ಳೆಯ ರೇಟು ಬರುತ್ತದೆ" ಎಂದು ಸಲಹೆ ಕೊಡುವವರಿಗೆ ಕೊರತೆಯಿಲ್ಲ. ಕೊಳ್ಳುವವನೇ ನೋಡಿಕೊಳ್ಳಲಿ, ನಾನೇಕೆ ಹೇಳಲಿ ಎಂದು ಮನಸ್ಸೂ ವಾದಿಸುತ್ತದೆ.

ಹದಿಮೂರನೇ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಇದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದರು. ತಮ್ಮ ಮಹಾಗ್ರಂಥವಾದ ‘ಸುಮ್ಮಾ ಥಿಯೊಲಾಜಿಯೆ’ಯ ಎರಡನೆಯ ಭಾಗದಲ್ಲಿ, ಕೊಡುಕೊಳ್ಳುವಿಕೆಯಲ್ಲಿನ ಮೋಸವನ್ನು ಚರ್ಚಿಸುವಾಗ, ಮಾರುವವನು ವಸ್ತುವಿನ ದೋಷವನ್ನು ಹೇಳಲೇಬೇಕೇ ಎಂದು ಕೇಳುತ್ತಾರೆ. ಅವರ ಕಾಲಕ್ಕೆ ಕಾರಿರಲಿಲ್ಲ, ಕುದುರೆಯಿತ್ತು. ಕುದುರೆಗೆ ಒಂದೇ ಕಣ್ಣಿದ್ದರೆ ಅದು ಎಲ್ಲರಿಗೂ ಕಾಣುತ್ತದೆ. ಬೆಲೆಯನ್ನು ತಕ್ಕಂತೆ ಇಳಿಸಿದರೆ ಸಾಕು, ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆದರೆ ದೋಷ ಕಣ್ಣಿಗೆ ಬೀಳದಂಥದ್ದಾಗಿ, ಅದರಿಂದ ಕೊಳ್ಳುವವನಿಗೆ ನಷ್ಟವೋ ಅಪಾಯವೋ ಆಗುವಂತಿದ್ದರೆ ಹೇಳಲೇಬೇಕು. ಕುಂಟು ಕುದುರೆಯನ್ನು ಓಟದ ಕುದುರೆಯೆಂದೂ, ಬೀಳುವ ಮನೆಯನ್ನು ಗಟ್ಟಿ ಮನೆಯೆಂದೂ ಮಾರುವುದು ಅವರ ದೃಷ್ಟಿಯಲ್ಲಿ ಮೋಸ.

ಈ ಅಳತೆಗೋಲನ್ನು ನಮ್ಮ ಕಾರಿಗೆ ಹಿಡಿಯಿರಿ. ಮಾಸಿದ ಬಣ್ಣ ಒಂದು ಕಣ್ಣಿನ ಕುದುರೆಯಂತೆ. ಅದರಿಂದ ಯಾರ ಜೀವವೂ ಹೋಗುವುದಿಲ್ಲ. ಕಾಲಿಡುವ ಮ್ಯಾಟಿನ ಕೆಳಗೆ ತುಕ್ಕು ಹಿಡಿದು ಟೊಳ್ಳಾದ ತಗಡು ಹಾಗಲ್ಲ. ಅದರ ಮೇಲೆ ನಾಳೆ ಇನ್ನೊಬ್ಬರ ಹೆಂಡತಿ ಮಕ್ಕಳು ಕೂರುತ್ತಾರೆ. ಹೊಳೆಯುವ ಹೊದಿಕೆ ಹಾಕಿ, ಇದನ್ನು ಹೇಳದೆ ಮಾರಿದರೆ, ಬಾಯಲ್ಲಿ ಸುಳ್ಳು ಬಾರದಿದ್ದರೂ ಕೈ ಸುಳ್ಳು ಹೇಳಿತು.

ಪ್ರಿಯ ಓದುಗರೇ, ಕಾರಿನ ಮಾತು ಇಲ್ಲಿಗೆ ನಿಲ್ಲುವುದಿಲ್ಲ. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು" ಎಂಬ ಗಾದೆಯನ್ನು ನಾವು ನಗುತ್ತಾ ಹೇಳುತ್ತೇವೆ. ಹುಡುಗನ ಕುಡಿತ, ಹುಡುಗಿಯ ದೀರ್ಘಕಾಲದ ಕಾಯಿಲೆ, ತಲೆಯ ಮೇಲಿನ ಸಾಲ ಇವುಗಳ ಮೇಲೆ ಸೂಟು, ರೇಷ್ಮೆ ಸೀರೆ ಹೊದಿಸಿ ಬೀಗರ ಮುಂದೆ ನಿಲ್ಲಿಸುತ್ತೇವೆ. ಧರ್ಮಸಭೆ ಈ ವಿಷಯದಲ್ಲಿ ನಗುವುದಿಲ್ಲ. ದಾಂಪತ್ಯವನ್ನೇ ತೀವ್ರವಾಗಿ ಕದಡಬಲ್ಲ ಗುಣವೊಂದನ್ನು, ಒಪ್ಪಿಗೆ ಪಡೆಯುವ ಉದ್ದೇಶದಿಂದಲೇ ವಂಚಿಸಿ ಮರೆಮಾಡಿದ್ದರೆ, ಹಾಗೆ ಮೋಸಹೋದವರ ವಿವಾಹವೇ ಅಸಿಂಧು ಎಂದು 1983ರ ಧರ್ಮಸಭಾ ಕಾನೂನು ಸಂಹಿತೆಯ 1098ನೇ ವಿಧಿ ಹೇಳುತ್ತದೆ. ಮದುವೆಗೆ ಮುಂಚೆ ಚರ್ಚಿನಲ್ಲಿ ಪ್ರಕಟಣೆ ಓದುವುದೂ ಬರಿಯ ಶಾಸ್ತ್ರವಲ್ಲ. ಅಡ್ಡಿ ಏನಾದರೂ ಇದ್ದರೆ ಹೊರಗೆ ಬರಲಿ ಎಂಬುದಕ್ಕೆ.

ಹಾಗಾದರೆ ಎಲ್ಲರ ಎಲ್ಲ ಹುಳುಕನ್ನೂ ಬೀದಿಗೆ ತರಬೇಕೇ? ಖಂಡಿತ ಅಲ್ಲ. ಕುಡಿದು ಮೈಮರೆತು ಬೆತ್ತಲೆ ಬಿದ್ದಿದ್ದ ನೋಹನ ಮೇಲೆ ಶೇಮ್ ಮತ್ತು ಯೆಫೆತ್ ಹಿಮ್ಮುಖವಾಗಿ ನಡೆದುಬಂದು ಬಟ್ಟೆ ಹೊದಿಸಿದರೆಂದು ಆದಿಕಾಂಡ ಹೇಳುತ್ತದೆ. ಪ್ರೀತಿಯು ಪಾಪಗಳನ್ನು ಮುಚ್ಚುತ್ತದೆಂದು ಸಂತ ಪೇತ್ರರೂ ಬರೆದರು. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕದಲ್ಲಿ ಮಾತೆಗೆ ಸೀರೆ ಉಡಿಸುವುದನ್ನು ನೀವು ನೋಡಿದ್ದೀರಿ. ಆ ಸೀರೆ ಏನನ್ನೂ ಬಚ್ಚಿಡುವುದಕ್ಕಲ್ಲ, ಗೌರವಕ್ಕೆ. ಮಗ ಪರೀಕ್ಷೆಯಲ್ಲಿ ನಪಾಸಾದದ್ದನ್ನು, ಅತ್ತೆಯ ಮರೆವನ್ನು ನೆರೆಮನೆಯ ಜಗುಲಿಯಲ್ಲಿ ಹರಡದಿರುವುದು ಇಂಥ ಹೊದಿಕೆ. ಆದರೆ ಮನೆಯೊಳಗೆ ಹೆಣ್ಣುಮಗಳ ಮೇಲೆ ಕೈ ಏಳುತ್ತಿರುವಾಗ ‘ಮನೆಯ ಮರ್ಯಾದೆ’ ಎಂದು ಮುಚ್ಚುವುದು ಪ್ರೀತಿಯಲ್ಲ. ಅಲ್ಲಿ ಅಪಾಯವಿದೆ, ಅಪಾಯವಿರುವ ಕಡೆ ಹೇಳಲೇಬೇಕು. ಅದು ತುಕ್ಕಿನ ಮೇಲಿನ ಫಿಲ್ಮ್.

ಇನ್ನು ನಮ್ಮ ನಮ್ಮ ಆತ್ಮದ ವಿಚಾರ. 32ನೇ ಕೀರ್ತನೆಯನ್ನು ಈ ದೃಷ್ಟಿಯಿಂದ ಒಮ್ಮೆ ಓದಿ. ಪಾಪ ಮುಚ್ಚಲ್ಪಟ್ಟವನು ಭಾಗ್ಯವಂತನೆಂದು ಅದು ಆರಂಭವಾಗುತ್ತದೆ. ಆದರೆ ಆ ಭಾಗ್ಯ ಬಂದದ್ದು ಹೇಗೆ? ಬಾಯಿಮುಚ್ಚಿಕೊಂಡಿದ್ದಷ್ಟು ಕಾಲ ಕೀರ್ತನೆಗಾರನ ಎಲುಬುಗಳೇ ಸವೆದುಹೋದವು. ತಪ್ಪನ್ನು ಮುಚ್ಚಿಡದೆ ದೇವರ ಮುಂದೆ ಹೇಳಿಕೊಂಡಾಗಲೇ ಬಿಡುಗಡೆ ಸಿಕ್ಕಿತು. ಎರಡು ಕಡೆಯೂ ಮೂಲ ಹೀಬ್ರೂ ಭಾಷೆಯಲ್ಲಿ ಇರುವುದು ‘ಮುಚ್ಚು’ ಎಂಬ ಒಂದೇ ಕ್ರಿಯಾಪದ. ನಾವು ಮುಚ್ಚದೆ ತೆರೆದಿಟ್ಟದ್ದನ್ನು ದೇವರು ಮುಚ್ಚುತ್ತಾರೆ. ನಾವೇ ಮುಚ್ಚಿಟ್ಟುಕೊಂಡದ್ದು ಒಳಗೇ ಕೊಳೆಯುತ್ತದೆ. ದೇವರ ಆ ಹೊದಿಕೆಯೂ ಮೇಲ್ಮೇಲಿನದಲ್ಲ. ನೀತೀಕರಣವೆಂದರೆ ಪಾಪಕ್ಷಮೆ ಮಾತ್ರವಲ್ಲ, ಅಂತರಂಗದ ಮನುಷ್ಯನೇ ಪವಿತ್ರಗೊಂಡು ಹೊಸಬನಾಗುವುದು ಎಂದು 1547ರಲ್ಲಿ ತ್ರೆಂತ್ ಮಹಾಸಭೆ ಕಲಿಸಿತು. ವರಪ್ರಸಾದವು ತುಕ್ಕನ್ನು ಉಜ್ಜಿ ತೆಗೆದು, ಕೊಳೆತದ್ದನ್ನು ಕತ್ತರಿಸಿ, ಹೊಸ ತಗಡು ಬೆಸೆಯುವ ಕೆಲಸ. ಪಾಪನಿವೇದನೆಯ ಪೀಠದ ಮುಂದೆ ನಾವು ಸ್ವಲ್ಪ ಹೊತ್ತು ಕುರೂಪವಾಗಿ ಕಾಣುವುದು ಅದಕ್ಕೇ.

ಈಗ ನಿಮ್ಮ ಕಾರಿಗೆ ಬನ್ನಿ. ಮೆಕ್ಯಾನಿಕ್‌ಗೆ ಮೊದಲು ಮ್ಯಾಟ್ ಎತ್ತಿ ನೋಡಲು ಹೇಳಿ. ತಗಡು ಗಟ್ಟಿಯಿದ್ದು ಬಣ್ಣ ಹಿಡಿದುಕೊಂಡಿದ್ದರೆ ಸಂತೋಷವಾಗಿ ಫಿಲ್ಮ್ ಹೊದಿಸಿ, ಬಣ್ಣ ಬದಲಾದರೆ ದಾಖಲೆಯನ್ನೂ ತಿದ್ದಿಸಿ. ತುಕ್ಕು ಇದ್ದರೆ ಟಿಂಕರ್ ಕೆಲಸ ಮೊದಲು, ಪೇಂಟ್ ಆಮೇಲೆ. ಎರಡಕ್ಕೂ ಹಣ ಸಾಲದಿದ್ದರೆ ತುಕ್ಕನ್ನಷ್ಟೇ ತೆಗೆಸಿ, ತೇಪೆಯ ಗುರುತು ಹಾಗೆಯೇ ಇರಲಿ. ಮಾಸಿದ ಕಾರಿನಲ್ಲಿ ಭಾನುವಾರದ ಪೂಜೆಗೆ ಬಂದಿಳಿಯುವುದು ನಾಚಿಕೆಯಲ್ಲ. ಮಾರುವುದಾದರೆ ಕೊಳ್ಳುವವರಿಗೆ ಇದ್ದದ್ದನ್ನು ಇದ್ದ ಹಾಗೆ ತೋರಿಸಿ. ಬೆಲೆ ಸ್ವಲ್ಪ ಇಳಿದೀತು, ರಾತ್ರಿ ನಿದ್ದೆ ಬರುತ್ತದೆ.

ಯೇಸುಸ್ವಾಮಿ ಫರಿಸಾಯರನ್ನು ಸುಣ್ಣ ಬಳಿದ ಸಮಾಧಿಗಳಿಗೆ ಹೋಲಿಸಿದಾಗ ಸುಣ್ಣವನ್ನು ದೂರಲಿಲ್ಲ. ಬಟ್ಟಲಿನ ಒಳಗನ್ನು ಮೊದಲು ತೊಳೆಯಿರಿ, ಹೊರಗೂ ಶುದ್ಧವಾಗುತ್ತದೆಂದು ಅದಕ್ಕೆ ಮುಂಚೆಯೇ ಕಲಿಸಿದ್ದರು. ಬಣ್ಣ ಬೇಡವೆಂದು ಅವರು ಹೇಳಲಿಲ್ಲ, ಬಣ್ಣಕ್ಕೊಂದು ಸರದಿ ಹೇಳಿದರು. ನಮ್ಮ ಕಾರಿಗೂ ಕುಟುಂಬಕ್ಕೂ ಆತ್ಮಕ್ಕೂ ಆ ಸರದಿ ಒಂದೇ.